ಸಾಸಿವೆ ಅಂದದ್ದು ನಾನು

ನಾಲ್ಕು ವರ್ಷದ ಹಿಂದೆ, ಹುಬ್ಬಳ್ಳಿಯ ಒಬ್ಬ ಚರ್ಮದ ಡಾಕ್ಟರ ದನಿಯಲ್ಲಿ ನಮ್ಮ ದೊಡ್ಡಪ್ಪನ ಮಗಳಿಗೆ ಸುಳ್ಳು ಹೇಳಿ ಕಳಿಸಿದವನು ನಾನು. ಡಾಕ್ಟರಲ್ಲ. ಅವರಿಗೆ ಅದು ಗೊತ್ತೂ ಇರಲಿಲ್ಲ. ಅರ್ಧ ನಿಮಿಷವೂ ಇಲ್ಲದ ಒಂದು ವಾಯ್ಸ್ ಮೆಸೇಜು — ಅದರಲ್ಲಿ ಡಾಕ್ಟರ ಕೆಮ್ಮು ಇದೆ, ಮುಂದಿನ ಹಲ್ಲಿನ ಸಂದಿಯಿಂದ ಬರುವ ಸೀಟಿ ಇದೆ, ಅವರ ನಿಧಾನ ಇದೆ. ಡಾಕ್ಟರು ಮಾತ್ರ ಇಲ್ಲ.

ತಮಾಷೆಗೆ ಮಾಡಿದೆ. ಈ 'ತಮಾಷೆ' ಅನ್ನುವ ಪದವನ್ನು ಮೊದಲೇ ಬರೆದು ಮುಗಿಸಿಬಿಡುತ್ತೇನೆ. ಇಲ್ಲವಾದರೆ ಮುಂದೆ ಕಷ್ಟದ ಜಾಗ ಬಂದಾಗ ಅದರ ಹಿಂದೆ ಹೋಗಿ ಅಡಗಿ ಕೂರುತ್ತೇನೆ. ನನ್ನನ್ನು ನಾನು ಬಲ್ಲೆ.

ಇದನ್ನು ಬರೆಯಬೇಡ ಅಂತ ಮನೆಯ ಹಿರಿಯರು ಹೇಳಿದರು. "ಮುಖದ ಮ್ಯಾಲಿನ ಗುಳ್ಳಿ ಸುದ್ದಿ ಯಾರರ ಬರಿತಾರೇನಲೇ?" ಅಂದರು. ಬರೆಯುತ್ತಾರೆ. ನಾನು ಬರೆಯುತ್ತಿದ್ದೇನೆ. ಆ ಅಕ್ಕನ ಅಪ್ಪಣೆ ಇದೆ — "ಬರಿ, ನನ್ನ ಹೆಸರೂ ಹಾಕು," ಅಂದಳು — ಅದಕ್ಕಿಂತ ದೊಡ್ಡ ಅಪ್ಪಣೆ ನನಗೆ ಬೇಕಿಲ್ಲ. 'ಮೊಡವೆ ತಾನೆ' ಅಂತ ಓದುವವರಲ್ಲಿ ಯಾರಿಗಾದರೂ ಅನ್ನಿಸಿದರೆ ಅವರು ಇಲ್ಲಿಗೇ ಎದ್ದು ಹೋಗಬಹುದು. ಬೇಜಾರಿಲ್ಲ. ನಾನೂ ಆವತ್ತು ಹಾಗೇ ಅಂದುಕೊಂಡು ಎದ್ದು ಹೋದವನು.

ನನ್ನ ಹೆಸರು ಬಸವರಾಜ. ಮನೆ ಕಮರಿಪೇಟೆಯಲ್ಲಿ. ಮನೆಯವರಿಗೆ ನಾನು ಬಸ್ಯಾ. ನಮ್ಮದು ಕಾಳುಕಡಿಯ ದಲಾಲಿ ಮನೆತನ. ದೊಡ್ಡಪ್ಪನೂ ಅಪ್ಪನೂ ಸೇರಿ ಅಂಗಡಿ ನಡೆಸುತ್ತಾರೆ. ನನಗೆ ಬಂದದ್ದು ವ್ಯಾಪಾರವಲ್ಲ, ದನಿ. ಯಾರ ಮಾತು ಕೇಳಿದರೂ ಎರಡು ದಿನದಲ್ಲಿ ಅದು ನನ್ನ ಗಂಟಲಿಗೆ ಇಳಿಯುತ್ತದೆ. ಸಿಟಿ ಬಸ್ಸಿನ ಕಂಡಕ್ಟರು, ರೇಟು ಕೇಳಿ ಸಿಟ್ಟಾದ ದೊಡ್ಡಪ್ಪ, ಲಿಂಗಪೂಜೆಯ ನಡುವೆಯೇ ಬೆಕ್ಕನ್ನು ಬೈಯುವ ನಮ್ಮ ಆಯಿ — ಅಪ್ಪನ ತಾಯಿ — ಎಲ್ಲರನ್ನೂ ಮಾಡುತ್ತಿದ್ದೆ. ನನ್ನನ್ನೂ ಬಿಟ್ಟವನಲ್ಲ. ಕಾಲೇಜಿನ ಗ್ಯಾದರಿಂಗಿನಲ್ಲಿ ನನ್ನ ಮೊದಲ ಐಟಮ್ಮೇ ನನ್ನ ಮುಖ. ಹಣೆಯ ತುಂಬ ಗುಳ್ಳೆ. ಎಣ್ಣೆ ಹಾಕಿ ತೀಡಿದ ಕೂದಲು ಅದರ ಮೇಲೆ. "ಹುಬ್ಬಳ್ಳಿಯಿಂದ ಧಾರವಾಡಕ್ಕ ಹೋಗೋ ರಸ್ತಾ ಹುಡುಕಾಕತ್ತೀರೇನು? ನನ್ನ ಹಣಿ ನೋಡ್ರಿ, ಒಂದೂ ತಗ್ಗು ಬಿಟ್ಟಿಲ್ಲ," ಅಂತ ಸುರು ಮಾಡಿದರೆ ಜನ ಬಿದ್ದು ನಗುತ್ತಿದ್ದರು. ಗುಳ್ಳೆ ಅಂದರೆ ನನಗೆ ನಗಿಸುವ ಸಾಮಾನು. ಬೇರೆಯವರಿಗೆ ಬೇರೆ ಏನೋ ಆಗಿರಬಹುದು ಅಂತ — ಇರಲಿ, ಬರುತ್ತೇನೆ ಅಲ್ಲಿಗೆ.

ಬಿ.ಕಾಂ. ಎರಡನೇ ವರ್ಷದಲ್ಲಿ, ಮಧ್ಯಾಹ್ನದ ಹೊತ್ತು ದೇಶಪಾಂಡೆ ನಗರದ ಆ ದವಾಖಾನೆಯಲ್ಲಿ ಕೆಲಸಕ್ಕೆ ಸೇರಿದೆ. ಚೀಟಿ ಬರೆಯುವುದು, ಹೆಸರು ಕೂಗುವುದು, ದವಾಖಾನೆಯ ಫೋನು ನೋಡಿಕೊಳ್ಳುವುದು. ಡಾಕ್ಟರ ಹೆಸರು ಬರೆಯುವುದಿಲ್ಲ. ಅವರ ಹೆಸರನ್ನು ನಾನು ಕೆಡಿಸಿದ್ದು ಸಾಕು. ಎಲ್ಲರಿಗೂ 'ರಿ' ಹಚ್ಚಿ ಮಾತಾಡುವ ಮನುಷ್ಯ, ಹತ್ತೊಂಬತ್ತರ ನನಗೂ. ಮೊದಲ ದಿನವೇ ನನ್ನ ಹಣೆ ನೋಡಿ, "ಬಸವರಾಜ ಅವರ, ಇವು ಎಣ್ಣಿ ಗುಳ್ಳಿ. ಕೂದಲಿನ ಎಣ್ಣಿ ಇಳದು ಹಣಿ ರಂಧ್ರ ಮುಚ್ಚಾಕತ್ತೈತಿ. ಕೂದಲಾ ಮ್ಯಾಲೆತ್ರಿ, ಎಣ್ಣಿ ಬಿಡ್ರಿ, ಚಿವುಟಬ್ಯಾಡ್ರಿ," ಅಂದರು. ನಾನು ಕೂದಲು ಎತ್ತಲಿಲ್ಲ. ಅವರ ದನಿಯನ್ನು ಎತ್ತಿಕೊಂಡೆ.

ಅವರಲ್ಲಿಗೆ ಬರುವವರಲ್ಲಿ ಹೆಚ್ಚಿನವರು ನಮ್ಮಂಥ ಕಾಳಿನ ಮನೆಯವರು, ಹಳ್ಳಿಯಿಂದ ಬಂದವರು. ಅವರಿಗೆ ತಿಳಿಯಲಿ ಅಂತ ಡಾಕ್ಟರು ಗುಳ್ಳೆಗೆ ಕಾಳಿನ ಹೆಸರು ಇಟ್ಟಿದ್ದರು. "ಗುಳ್ಳಿ ಅಂತ ಒಂದ ಇಲ್ಲರಿ. ಪ್ಯಾಟ್ಯಾಗ ಬರೇ ಕಾಳು ಕೊಡ್ರಿ ಅಂದ್ರ ಕೊಡ್ತಾರೇನು? ಯಾವ ಕಾಳು ಅಂತ ಕೇಳ್ತಾರ. ಹಂಗ ಇದು," ಅನ್ನುತ್ತಿದ್ದರು.

ರಂಧ್ರದ ಬಾಯಿಗೆ ಜಿಡ್ಡು, ಸತ್ತ ಚರ್ಮ ಸೇರಿ ಕಟ್ಟಿಕೊಂಡದ್ದು ಸಾಸಿವೆ. ಬಾಯಿ ಮುಚ್ಚಿದ್ದರೆ ಬಿಳಿ, ತೆರೆದಿದ್ದರೆ ಕರಿ. ಆ ಕರಿ ಹೊಲಸಲ್ಲ, ಜಿಡ್ಡಿಗೆ ಗಾಳಿ ತಾಗಿ ಬಂದ ಬಣ್ಣ. ಎಷ್ಟು ತಿಕ್ಕಿದರೂ ಹೋಗುವುದಿಲ್ಲ, ತಿಕ್ಕಿದಷ್ಟೂ ಕೆರಳುತ್ತದೆ. ಅದೇ ಕಟ್ಟಿಕೊಂಡ ಜಾಗ ಬಾತು ಕೆಂಪಾದರೆ ಜೋಳ. ತುದಿಯಲ್ಲಿ ಕೀವು ಕಂಡರೆ ಹಾಲುಗಾಳು. ಇನ್ನು ಚರ್ಮದ ಕೆಳಗೆ, ಬಾಯಿಯೇ ಇಲ್ಲದೆ, ಗಟ್ಟಿಯಾಗಿ, ಮುಟ್ಟಿದರೆ ಜೀವ ಹೋಗುವ ಹಾಗೆ ಕೂರುವುದು ಕಡಲೆ. ಡಾಕ್ಟರು ಬೆರಳು ಎತ್ತಿ ಹೇಳುತ್ತಿದ್ದದ್ದು ಇದೊಂದನ್ನೇ. "ಸಾಸಿವಿ ಕಾದೀತು. ಜ್ವಾಳಕ್ಕ ಮುಲಾಮು ಸಾಕಾದೀತು. ಕಡ್ಲಿ ಕಾಯಂಗಿಲ್ಲರಿ. ಹೋಗೋಮುಂದ ತಗ್ಗು ತೋಡಿ ಹೋಗ್ತೈತಿ."

ಯಾಕೆ ಬರುತ್ತದೆ ಅಂತ ಕೇಳಿದವರಿಗೆ ಬೇಸರವಿಲ್ಲದೆ ಹೇಳುತ್ತಿದ್ದರು — ವಯಸ್ಸಿಗೆ ಬಂದಾಗ ಮೈಯಲ್ಲಿ ಏಳುವ ಹಾರ್ಮೋನು ಜಿಡ್ಡಿನ ಗ್ರಂಥಿಯನ್ನು ಎಬ್ಬಿಸುತ್ತದೆ, ತಾಯಿಗೋ ತಂದೆಗೋ ಬಂದಿದ್ದರೆ ಮಕ್ಕಳಿಗೂ ಬರಬಹುದು, ಹೆಣ್ಣುಮಕ್ಕಳಿಗೆ ತಿಂಗಳ ಮುಟ್ಟು ಹಿಂದೆ ಮುಂದೆ ಆಗುತ್ತಿದ್ದರೆ ರಕ್ತ ನೋಡಬೇಕು, ಮೆಡಿಕಲ್ ಅಂಗಡಿಯಲ್ಲಿ ಯಾರನ್ನೂ ಕೇಳದೆ ಕೊಂಡು ಹಚ್ಚಿದ ಬೆಳ್ಳಗಾಗುವ ಕ್ರೀಮಿನಿಂದಲೂ ಬರುತ್ತದೆ. ಒಬ್ಬ ತಾಯಿ ಮಗಳ ಮಿರ್ಚಿ ಭಜಿ ತಿನ್ನುವ ಚಟವನ್ನು ದೂರಿದಾಗ, "ಅವ್ವಾರ, ಮಿರ್ಚಿ ತಿಂದವರಿಗೆಲ್ಲಾ ಬರೂದಿದ್ದಿದ್ರ ಹುಬ್ಬಳ್ಯಾಗ ಒಂದ ಮುಖಾನೂ ಸಪಾಟ ಇರ್ತಿದ್ದಿಲ್ಲ," ಅಂದರು. ನಾನು ಚೀಟಿಯ ಹಿಂದೆ ಬರೆದುಕೊಂಡೆ. ಜ್ಞಾನಕ್ಕಲ್ಲ, ಐಟಮ್ಮಿಗೆ.

ಈಗ ಅಕ್ಷತಾ. ದೊಡ್ಡಪ್ಪನ ಹಿರಿಮಗಳು, ನನಗಿಂತ ಎರಡು ವರ್ಷ ದೊಡ್ಡವಳು. ಒಂದೇ ಮನೆಯಲ್ಲಿ ಬೆಳೆದವರು ನಾವು. ಆಗ ಅವಳು ಬಿ.ಎಡ್. ಓದುತ್ತಿದ್ದಳು. ಮುಖ ಆಮೇಲೆ, ಮೊದಲು ಅವಳ ಮಾತಿನ ಬಗ್ಗೆ ಹೇಳಬೇಕು. ನಮ್ಮ ಮನೆಯಲ್ಲಿ ಅಕ್ಕ ಒಂದು ಮಾತು ಹೇಳಿದಳೆಂದರೆ ಮುಗಿಯಿತು. ಕರೆಂಟಿನವರ ಕೂಡ ಜಗಳ, ಆಯಿಯ ಕಣ್ಣಿನ ಆಪರೇಷನ್, ಅವಳ ತಂಗಿ ಚೈತ್ರಾಳ ಸಾಲಿ — ಎಲ್ಲದಕ್ಕೂ ದೊಡ್ಡಪ್ಪ, "ಅಕ್ಷಿನ್ನ ಕೇಳ್ರಿ," ಅನ್ನುತ್ತಿದ್ದ. ಇಡೀ ಊರಿಗೆ ರೇಟು ಹೇಳುವ ಮನುಷ್ಯ, ಮನೆಯಲ್ಲಿ ಮಗಳನ್ನು ಕೇಳಿ ಹೆಜ್ಜೆ ಇಡುತ್ತಿದ್ದ.

ಆ ವರ್ಷ ಅವಳ ಎರಡೂ ಕೆನ್ನೆಯ ಕೆಳಗೆ, ದವಡೆಯ ಗುಂಟ ಗಂಟು ಎದ್ದವು. ಮನೆಯಲ್ಲಿ ಎಲ್ಲರೂ ಡಾಕ್ಟರಾದರು. ಆಯಿ, "ಹರೇದ ಗುಳ್ಳಿ, ಲಗ್ನ ಆದ್ರ ತಾವ ಹೋಗ್ತಾವ," ಅಂದಳು. ದೊಡ್ಡವ್ವ ಉಷ್ಣ ಅಂದಳು. ದೊಡ್ಡಪ್ಪ ಮಿರ್ಚಿಯ ಮೇಲೆ ಹಾಕಿದ. ನಾನು ಅವಳ ಕೆನ್ನೆಯನ್ನು ನನ್ನ ಹಣೆಯ ಪಕ್ಕ ಇಟ್ಟು, "ಇಬ್ಬರೂ ಸೇರಿದ್ರ ಒಂದ ನಕಾಶಿ ಆಗತೈತಿ," ಅಂದೆ. ಅವಳು ನಗಲಿಲ್ಲ. "ಇದು ನಿಂದರಂಗ ಅಲ್ಲೋ. ಮಗ್ಗಲಾಗಿ ಮಲಗಾಕ ಬರಂಗಿಲ್ಲ. ಬ್ಯಾನಿ ಆಗತೈತಿ," ಅಂದಳು. ಯಾರೂ ಕರೆದುಕೊಂಡು ಹೋಗಲಿಲ್ಲ. ತಾನೇ ಬಸ್ಸು ಹತ್ತಿ ದವಾಖಾನೆಗೆ ಬಂದಳು. ನಾನೇ ಚೀಟಿ ಬರೆದೆ. ಡಾಕ್ಟರು ಬಹಳ ಹೊತ್ತು ನೋಡಿದರು, ರಕ್ತ ತೆಗೆಸಲು ಹೇಳಿ ಕಳಿಸಿದರು.

ನಾಲ್ಕು ದಿನಕ್ಕೆ ರಿಪೋರ್ಟು ಬಂತು. ಮಧ್ಯಾಹ್ನ, ಹೊರಗೆ ಯಾರೂ ಇರಲಿಲ್ಲ. ಡಾಕ್ಟರು ಕನ್ನಡಕ ತೆಗೆದು ನನಗೆ ಹೇಳಿದ್ದು ಇದು — ಒಂದು ಅಕ್ಷರ ಹೆಚ್ಚಿಲ್ಲ, ಕಡಿಮೆ ಇಲ್ಲ — "ಬಸವರಾಜ ಅವರ, ನಿಮ್ಮ ಅಕ್ಕಗ ಫೋನ್ ಮಾಡ್ರಿ. ಅವರವು ಕಡ್ಲಿ. ಗುಳಿಗಿ ಸುರು ಮಾಡಬೇಕು. ನಾಳಿ ಬರ್ರಿ ಅಂತ ಹೇಳ್ರಿ. ತಡಾ ಬ್ಯಾಡ."

ಫೋನು ನನ್ನ ಕೈಯಲ್ಲಿತ್ತು. ಡಾಕ್ಟರು ಊಟಕ್ಕೆ ಹೋದರು. ಖಾಲಿ ಬೆಂಚುಗಳು, ತಿರುಗುವ ಫ್ಯಾನು, ಗಂಟಲಲ್ಲಿ ಹದಿನೈದು ದಿನದಿಂದ ಕುದಿಯುತ್ತಿದ್ದ ಹೊಸ ದನಿ. ಮನೆಯಲ್ಲಿ ಯಾರಿಗೂ ಇನ್ನೂ ಕೇಳಿಸಿರಲಿಲ್ಲ ಅದನ್ನು. ದವಾಖಾನೆಯ ನಂಬರಿನಿಂದಲೇ ಮಾತು ತುಂಬಿ ಕಳಿಸಿದೆ:

"ಹಾಂ... ಅಕ್ಷತಾ ಅವರ. ರಿಪೋರ್ಟ್ ನೋಡೇನಿ. ಏನೂ ಇಲ್ಲರಿ. ನಿಮ್ಮವು ಸಾಸಿವಿ. ಬರೇ ಸಾಸಿವಿ. ಗುಳಿಗಿ ಬ್ಯಾಡ, ಮುಲಾಮೂ ಬ್ಯಾಡ. ಕಡ್ಲಿಹಿಟ್ಟು ಹಚ್ಚಿ ಮುಖಾ ತೊಳಕೋರಿ. ಹರೇದ ಗುಳ್ಳಿ — ಲಗ್ನ ಆದ್ರ ಹೋಗ್ತಾವ."

ಕಡಲೆಯನ್ನು ಸಾಸಿವೆ ಯಾಕೆ ಮಾಡಿದೆ? ಇದನ್ನು ಬಹಳ ಸಲ ಕೇಳಿಕೊಂಡಿದ್ದೇನೆ. ಉತ್ತರ ನಾಚಿಕೆಗೇಡಿನದು, ಆದರೂ ಹೇಳುತ್ತೇನೆ. ಡಾಕ್ಟರ ಹಲ್ಲಿನ ಸಂದಿಯಿಂದ 'ಸಾಸಿವಿ' ಬಂದಾಗ ಎರಡು ಸಲ ಸೀಟಿ ಹೊಡೆಯುತ್ತದೆ. 'ಕಡ್ಲಿ'ಯಲ್ಲಿ ಸೀಟಿ ಇಲ್ಲ. ಅಷ್ಟೇ. ದನಿಗೆ ಯಾವುದು ಛಲೋ ಕೂರುತ್ತದೆ ಅಂತ ನೋಡಿದೆ. ಮುಖಕ್ಕೆ ಯಾವುದು ಖರೇ ಅಂತ ನೋಡಲಿಲ್ಲ. ಕೊನೆಯ ಲಗ್ನದ ಮಾತು ಆಯಿಯದು, ಅಕ್ಕನನ್ನು ಕೆಣಕಲಿಕ್ಕೆ ಸೇರಿಸಿದ್ದು. ಅವಳು ಮೊದಲ ಸಾಲಿಗೇ ಹಿಡಿಯುತ್ತಾಳೆ, ನಾನು ಮನೆಗೆ ಹೋಗುವಷ್ಟರಲ್ಲಿ ಲಟ್ಟಣಿಗೆ ಹಿಡಿದು ನಿಂತಿರುತ್ತಾಳೆ, ಆಗ ನಾಳೆ ಹೋಗು ಅಂತ ಹೇಳಿದರಾಯಿತು — ಇದು ನನ್ನ ಲೆಕ್ಕ.

ಸಂಜೆ ಮನೆಗೆ ಹೋದಾಗ ಪಡಸಾಲೆಯಲ್ಲಿ ಎಲ್ಲರೂ ಕೂತಿದ್ದರು. ನಡುವೆ ಅಕ್ಕನ ಫೋನು, ಸ್ಪೀಕರಿನಲ್ಲಿ ಡಾಕ್ಟರು. ಮೂರನೇ ಸಲವಂತೆ. ಆಯಿ ತಲೆ ಆಡಿಸುತ್ತ, "ನಾ ಅಂದದ್ದನ್ನ ಅಂದ್ರ ನೋಡ್ರಿ. ನಾ ಯಾವ ಕಾಲೇಜಿಗೆ ಹೋಗಿದ್ದೆ?" ಅನ್ನುತ್ತಿದ್ದಳು. ಅಕ್ಕ ಅಡುಗೆಮನೆಯ ಬಾಗಿಲಿಗೆ ಆತು ನಿಂತಿದ್ದಳು. "ಎದುರಿಗೆ ನೋಡಿದಾಗ ಅವರು ಹಿಂಗ ಅನ್ನಲಿಲ್ಲಪಾ," ಅಂದಳು.

"ಈಗ ಅಂದಾರಲ್ಲ," ಅಂದ ದೊಡ್ಡಪ್ಪ. "ಡಾಕ್ಟರ್ ಹೇಳಿದ ಮ್ಯಾಲೂ ನಿಂದ ದೊಡ್ಡದೇನು?"

ನಾನು ಬಾಯಿ ತೆರೆದೆ. ತೆರೆದದ್ದು ನಿಜ. ಹೆದರಿ ಮುಚ್ಚಿದೆ ಅಂತ ಬರೆದರೆ ಚೆಂದ ಕಾಣುತ್ತದೆ, ಆದರೆ ಹೆದರಿಕೆ ಎರಡನೆಯದು. ಮೊದಲು ಬಂದದ್ದು ಹೆಮ್ಮೆ. ಇಷ್ಟು ಜನ, ಇಷ್ಟು ಹತ್ತಿರದವರು, ಮೂರು ಸಲ ಕೇಳಿದರೂ ಒಬ್ಬರಿಗೂ ಗುರುತು ಸಿಗಲಿಲ್ಲ — ಅಂಥ ದನಿ ಮಾಡಿದ್ದೆ ನಾನು. ಆ ಸುಖದಲ್ಲಿ ಒಂದು ನಿಮಿಷ ನಿಂತೆ. ಆ ನಿಮಿಷ ಕಳೆದ ಮೇಲೆ ಹೇಳುವುದು ಕಷ್ಟವಾಯಿತು, ಊಟವಾದ ಮೇಲೆ ಇನ್ನೂ ಕಷ್ಟ, ಮರುದಿನ —

ಮರುದಿನ ಅವಳೇ ದವಾಖಾನೆಗೆ ಫೋನು ಮಾಡಿದಳು. ಎತ್ತಿದವನು ನಾನು. "ಬಸ್ಯಾ, ಡಾಕ್ಟರಿಗೆ ಕೊಡು. ನಾ ಒಂದ ಮಾತು ಕೇಳಬೇಕು," ಅಂದಳು. ಡಾಕ್ಟರು ಎರಡು ಮಾರು ದೂರದಲ್ಲಿ ಒಬ್ಬ ಮುದುಕರ ಅಂಗೈ ನೋಡುತ್ತಿದ್ದರು. ನಾನು ನನ್ನದೇ ದನಿಯಲ್ಲಿ ಹೇಳಿದೆ: "ಅವರಿಗೆ ಪುರುಸೊತ್ತಿಲ್ಲಕ್ಕ. ಹೇಳ್ಯಾರಲ್ಲ ನಿನಗ?"

ಮೊದಲಿನದು ತಮಾಷೆ ಅಂದೆ. ಇದು ಅಲ್ಲ. ಇದಕ್ಕೆ ನನ್ನ ಹತ್ತಿರ ಯಾವ ಹೆಸರೂ ಇಲ್ಲ.

ವಾರ ಬಿಟ್ಟು ಡಾಕ್ಟರು, "ನಿಮ್ಮ ಅಕ್ಕ ಬರಲೇ ಇಲ್ಲಲ್ಲರಿ?" ಅಂತ ಕೇಳಿದರು. ಊರಿಗೆ ಹೋಗಿದ್ದಾಳೆ ಅಂದೆ. ಮತ್ತೊಂದು ಸಲ ಕೇಳಿದರು. ಪರೀಕ್ಷೆಯ ನೆಪ ಹೇಳಿ ಕೆಲಸ ಬಿಟ್ಟೆ.

ಎಂಟು ತಿಂಗಳು ಅಕ್ಕ ಕಡ್ಲಿಹಿಟ್ಟು ಹಚ್ಚಿದಳು. ತಿಕ್ಕಿ ತಿಕ್ಕಿ ಹಚ್ಚಿದಳು. ಗಂಟು ಒಂದು ಇಳಿದರೆ ಪಕ್ಕದಲ್ಲಿ ಎರಡು. ಆ ವಾಯ್ಸ್ ಮೆಸೇಜು ದೊಡ್ಡಪ್ಪನ ಫೋನಿಗೆ ಹೋಯಿತು, ಅಲ್ಲಿಂದ ಬೀಗರ ಗ್ರೂಪಿಗೆ ಹೋಯಿತು. ಗದಗಿನ ಅತ್ತೆಯೂ ತನ್ನ ಮಗಳಿಗೆ ಹಿಟ್ಟು ಹಚ್ಚಲು ಸುರು ಮಾಡಿದಳಂತೆ. ನನ್ನ ದನಿ ಅಷ್ಟು ದೂರ ಹೋಯಿತು. ಇಷ್ಟು ವರ್ಷ ಇಷ್ಟು ಕಾರ್ಯಕ್ರಮ ಮಾಡಿದ್ದೇನೆ, ಯಾವ ಐಟಮ್ಮೂ ಅಷ್ಟು ಓಡಿಲ್ಲ.

ಕೊನೆಗೆ ಧಾರವಾಡದಲ್ಲಿ ಗೆಳತಿಯೊಬ್ಬಳು ಅವಳನ್ನು ಬೇರೆ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಗುಳಿಗೆ ಕೊಟ್ಟರು, ಕೆಲವು ತಿಂಗಳಲ್ಲಿ ಗಂಟು ನಿಂತವು. ಆದರೆ ನಿಲ್ಲುವಷ್ಟರಲ್ಲಿ ಎರಡೂ ಕೆನ್ನೆಯಲ್ಲಿ ತಗ್ಗು ಬಿದ್ದಿದ್ದವು. "ಇಷ್ಟ ದಿನಾ ಸುಮ್ನಿರು ಅಂತ ಹೇಳಿದವರು ಯಾರ್ರೀ?" ಅಂತ ಆ ಡಾಕ್ಟರು ಕೇಳಿದ್ದನ್ನು ಅಕ್ಕ ಮನೆಯಲ್ಲಿ ಹೇಳಿದಳು. ದೊಡ್ಡಪ್ಪನಿಗೆ ರೋಷ ಬಂತು. ನನ್ನ ಗಾಡಿಯ ಹಿಂದೆ ಕೂತು, "ಹೊಡಿ ದೇಶಪಾಂಡೆ ನಗರಕ್ಕ," ಅಂದ.

ದವಾಖಾನೆಯ ಹೊರಕೋಣೆ ತುಂಬಿತ್ತು. ಅಷ್ಟು ಜನರ ನಡುವೆ ದೊಡ್ಡಪ್ಪ ಡಾಕ್ಟರನ್ನು ಬಾಗಿಲಿಗೆ ಕರೆಸಿ ಬಾಯಿಗೆ ಬಂದದ್ದು ಅಂದ. ಹೆಣ್ಣುಮಗಳ ಮುಖಾ ಕೆಡಿಸಿದಿ ಅಂದ. ಡಾಕ್ಟರು, "ನಾ ಹಂಗ ಹೇಳಿಲ್ಲರಿ," ಅಂದರು. ದೊಡ್ಡಪ್ಪ ಫೋನು ಎತ್ತಿ ಹಿಡಿದು ಮಾತು ಕೇಳಿಸಿದ. ಬೆಂಚಿನ ಮೇಲಿನವರೆಲ್ಲ ಕೇಳಿದರು. ಡಾಕ್ಟರೂ ಕೇಳಿದರು — ತಮ್ಮ ಕೆಮ್ಮನ್ನು, ತಮ್ಮ ಸೀಟಿಯನ್ನು. ಮುಗಿದ ಮೇಲೆ ದೊಡ್ಡಪ್ಪನನ್ನು ನೋಡಲಿಲ್ಲ. ಬಾಗಿಲ ಹತ್ತಿರ ಹೆಲ್ಮೆಟ್ಟು ಹಿಡಿದು ನಿಂತಿದ್ದ ನನ್ನನ್ನು ನೋಡಿದರು. ಬಹಳ ಹೊತ್ತು.

"ದನಿ ನಂದ," ಅಂದರು. "ಮಾತು ನಂದಲ್ಲ."

ಅಷ್ಟು ಹೇಳಿ ಕಾದರು. ಆಗ ಅನ್ನಿಸಲಿಲ್ಲ, ಈಗ ಅನ್ನಿಸುತ್ತದೆ — ನನ್ನನ್ನು ಉಳಿಸಲಿಕ್ಕೆ ಸುಮ್ಮನಾದದ್ದಲ್ಲ ಅವರು, ನನಗೆ ಮಾತಾಡಲು ಜಾಗ ಬಿಟ್ಟರು. ನಾನು ಹೆಲ್ಮೆಟ್ಟಿನ ಪಟ್ಟಿ ಬಿಚ್ಚಿ ಹಾಕಿ, ಬಿಚ್ಚಿ ಹಾಕಿ ಮಾಡಿದೆ. ಬೆಂಚಿನಿಂದ ಇಬ್ಬರು ಚೀಟಿ ಅಲ್ಲೇ ಇಟ್ಟು ಎದ್ದು ಹೋದರು.

ಅಲ್ಲಿಂದ ಮುಂದೆ ಮನೆಯಲ್ಲಿ ಆದದ್ದನ್ನು ನಾನು ನೋಡುತ್ತ ಬಂದೆ. ದೊಡ್ಡಪ್ಪ, "ಅಕ್ಷಿನ್ನ ಕೇಳ್ರಿ," ಅನ್ನುವುದನ್ನು ಬಿಟ್ಟ. ಆ ಮೊದಲ ಸಂಜೆಯೇ ಸುರುವಾಗಿತ್ತು ಅದು, ಆಮೇಲೆ ಗಟ್ಟಿಯಾಯಿತು. ಅವಳು ಯಾವುದಕ್ಕೆ ಮಾತಾಡಿದರೂ, "ನೀ ಹುಡುಕಿದ ಡಾಕ್ಟರ್ ಅಲ್ಲೇನು ಅಂವಾ," ಅನ್ನುವ ಒಂದು ಮಾತು ಸಿದ್ಧವಿರುತ್ತಿತ್ತು. ಖರೇ ಹೇಳಿದವಳು ಅವಳೊಬ್ಬಳೇ, ಸೋತವಳೂ ಅವಳೇ. ನಾನು ಎದುರಿಗೇ ಕೂತು ರೊಟ್ಟಿ ಮುರಿಯುತ್ತಿದ್ದೆ.

ಹೀಗೆ ಇನ್ನೂ ಎಷ್ಟು ವರ್ಷ ಮುರಿಯುತ್ತಿದ್ದೆನೋ. ಈ ವರ್ಷ ಚೈತ್ರಾಳ ದವಡೆಯಲ್ಲಿ ಒಂದು ಗಂಟು ಎದ್ದಿತು. ಅವಳಿಗೆ ಹದಿನಾಲ್ಕು. ಸಾಲಿಗೆ ಹೋಗುವಾಗ ದುಪಟ್ಟಾ ಕೆನ್ನೆಗೆ ಹಿಡಿಯತೊಡಗಿದಳು. ಅಕ್ಕ ಮೊದಲ ದಿನವೇ ಮುಟ್ಟಿ ನೋಡಿ, "ನಂದರಂಗ ಐತಿ. ಲಗೂನ ತೋರಸ್ರಿ," ಅಂದಳು. ದೊಡ್ಡಪ್ಪ ಫೋನು ತೆಗೆದು ಆ ಹಳೆಯ ವಾಯ್ಸ್ ಮೆಸೇಜು ಹಚ್ಚಿದ. ಬರೇ ಸಾಸಿವಿ. ಹಚ್ಚಿ, "ಡಾಕ್ಟರ ಮಂದಿ ಹಣೇಬರಹ ಇದು. ನೀ ಹುಡುಕಿದ ಡಾಕ್ಟರನ್ನ ನಂಬಿ ನಿಂದ ಮುಖಾ ಹೋತು. ಇಕಿದು ಇರಲಿ, ಹರೇ ಕಳದ್ರ ಹೋಗ್ತೈತಿ," ಅಂದ.

ನಾಲ್ಕು ವರ್ಷದ ಹಿಂದಿನ ನನ್ನ ಬಾಯಿ ಇನ್ನೊಂದು ಹುಡುಗಿಯ ಮುಖದ ಮೇಲೆ ಆ ಮನೆಯಲ್ಲಿ ಮಾತಾಡುತ್ತಿತ್ತು. ಅದನ್ನು ಮುಚ್ಚಿಸಲು ನನ್ನೊಬ್ಬನಿಂದ ಮಾತ್ರ ಸಾಧ್ಯವಿತ್ತು.

ಅಕ್ಕ ಈಗ ಧಾರವಾಡದ ಒಂದು ಶಾಲೆಯಲ್ಲಿ ಕಲಿಸುತ್ತಾಳೆ. ಮರುದಿನ ಶಾಲೆ ಬಿಡುವ ಹೊತ್ತಿಗೆ ಹೋಗಿ, ಅವಳನ್ನು ಕೆಲಗೇರಿ ಕೆರೆಯ ದಂಡೆಗೆ ಕರೆದುಕೊಂಡು ಹೋದೆ. ಹೇಳಲು ಸುರು ಮಾಡಿದೆ. ನಾಲ್ಕು ಮಾತು ಆಗಿರಬೇಕು, ಅವಳು ಕೈ ಎತ್ತಿದಳು. "ಇದು ಯಾರ ದನಿಲೇ?"

ಯಾರದೋ. ನಡುಗುವ, ಒದ್ದೆಯಾದ, ನಾಟಕದ ದನಿ. ನನಗೆ ಗೊತ್ತಾಗದೇ ಹಾಕಿಕೊಂಡಿದ್ದೆ. ಅದನ್ನು ತೆಗೆದಿಟ್ಟು ಹೇಳುವುದಕ್ಕೆ ಬಹಳ ಹೊತ್ತು ಹಿಡಿಯಿತು. ನನ್ನ ದನಿ ಬರೀ ಸಪ್ಪೆ ಅಂತ ಅವತ್ತು ಗೊತ್ತಾಯಿತು. ಸೀಟಿಯ ಮಾತೂ ಹೇಳಿದೆ. ಮರುದಿನದ ಫೋನಿನ ಮಾತೂ ಹೇಳಿದೆ. ಅವಳು ನೀರಿನ ಕಡೆ ನೋಡುತ್ತ ಕೇಳಿದಳು. ಬಯ್ಯಲಿಲ್ಲ. ಬಯ್ದಿದ್ದರೆ ನನಗೆ ಹಗುರಾಗುತ್ತಿತ್ತು, ಅದು ಅವಳಿಗೂ ಗೊತ್ತಿತ್ತು ಅಂತ ಕಾಣುತ್ತದೆ.

"ನಿನ್ನ ಮುಖಾ ಕೆಡಿಸಿಬಿಟ್ಟೆ ಅಕ್ಕ," ಅಂದೆ.

"ಮುಖದ ಲೆಕ್ಕಾ ನನಗ ಬಿಡು," ಅಂದಳು. "ಮುಖಾ ನೋಡಿ ನನ್ನ ಯಾರೂ ಪಾಠಾ ಹೇಳಾಕ ಕರೆದಿಲ್ಲ. ನನ್ನ ಮಾತು ಹೋತಲ್ಲೋ ಆ ಮನ್ಯಾಗ. ಬಾಯಿ ತಗದ್ರ ಸಾಕು, ಎಲ್ಲಾರೂ ಆ ಫೋನ್ ಕಡೆ ನೋಡ್ತಾರ. ನಾಕ ವರ್ಷ ಆತು, ನನ್ನ ಕಣ್ಣಾಗ ಕಂಡಿದ್ದು ನನಗ ಸುಳ್ಳ ಅನಸಾಕತ್ತಿತ್ತು. ಅದನ್ನ ತಂದು ಕೊಡು. ಇಲ್ಲಿ ಅಲ್ಲ. ಎಲ್ಲಾರೂ ಕೂತಲ್ಲಿ."

ಭಾನುವಾರ ಎಲ್ಲರೂ ಊಟ ಮುಗಿಸಿ ಪಡಸಾಲೆಯಲ್ಲಿ ಕೂತಾಗ ಹೇಳಿದೆ. ಚೈತ್ರಾ ಅಲ್ಲೇ ಇದ್ದಳು. ಮೊದಲಿನಿಂದ ಕೊನೆಯವರೆಗೆ ಹೇಳಿದೆ. ಯಾರೂ ನಂಬಲಿಲ್ಲ. ಇದನ್ನು ನಾನು ಎಣಿಸಿರಲಿಲ್ಲ. ಸುಳ್ಳು ಹೇಳಿದಾಗ ಮೂರು ಸಲ ಕೇಳಿ ನಂಬಿದವರು, ಖರೇ ಹೇಳಿದಾಗ ನಕ್ಕರು. "ಅಕ್ಕನ ಮ್ಯಾಲ ಕಳಕಳಿ ಬಂದೈತಿ, ಅದಕ್ಕ ತನ್ನ ತಲಿ ಮ್ಯಾಲ ಹಾಕ್ಕೊಳ್ಳಾಕತ್ತಾನ," ಅಂದಳು ಆಯಿ. ದೊಡ್ಡಪ್ಪ, "ನಿನ್ನ ದನಿ ನನಗ ಗುರ್ತ ಸಿಗಂಗಿಲ್ಲೇನಲೇ? ಹೋಗು," ಅಂದ.

ಇನ್ನೊಂದೇ ದಾರಿ ಇತ್ತು. ನಾಲ್ಕು ವರ್ಷದಿಂದ ಆ ದನಿಯನ್ನು ನಾನು ಮುಟ್ಟಿರಲಿಲ್ಲ; ವೇದಿಕೆಯ ಮೇಲಂತೂ ಇಲ್ಲ, ಸ್ನಾನದ ಮನೆಯಲ್ಲೂ ಇಲ್ಲ. ಹೋಗಿರಬಹುದು ಅಂದುಕೊಂಡಿದ್ದೆ. ಹೋಗಿರಲಿಲ್ಲ. ಕೆಮ್ಮಿದೆ. ದೊಡ್ಡಪ್ಪನ ಎದುರಿಗೆ ಕೂತು, ಆವತ್ತು ಡಾಕ್ಟರು ನನ್ನ ಕೈಗೆ ಕೊಟ್ಟು ಕಳಿಸಿದ ಮಾತನ್ನು, ಆ ದನಿಯಲ್ಲಿ, ಒಂದು ಅಕ್ಷರ ಬಿಡದೆ ಮುಟ್ಟಿಸಿದೆ:

"ಬಸವರಾಜ ಅವರ, ನಿಮ್ಮ ಅಕ್ಕಗ ಫೋನ್ ಮಾಡ್ರಿ. ಅವರವು ಕಡ್ಲಿ. ಗುಳಿಗಿ ಸುರು ಮಾಡಬೇಕು. ನಾಳಿ ಬರ್ರಿ ಅಂತ ಹೇಳ್ರಿ. ತಡಾ ಬ್ಯಾಡ."

ಆಯಿ ಎಲೆ ಅಡಿಕೆ ತಟ್ಟೆಯನ್ನು ಸರಿಸಿದಳು. ಅಡುಗೆಮನೆಯಲ್ಲಿ ದೊಡ್ಡವ್ವ ನೀರಿನ ನಳ ಬಂದ್ ಮಾಡಿದಳು. ದೊಡ್ಡಪ್ಪ ಎದ್ದು ಬಂದು ನನ್ನ ಕಪಾಳಕ್ಕೆ ಒಂದು ಕೊಟ್ಟ. ಕೊಡಬೇಕಾದದ್ದೇ. ನಾನು ಮುಖ ತಿರುಗಿಸಲಿಲ್ಲ, ಕಣ್ಣೂ ಇಳಿಸಲಿಲ್ಲ. ತಪ್ಪು ಮಾಡಿದವನು ಕಣ್ಣು ಇಳಿಸಬೇಕು ಅನ್ನುತ್ತಾರೆ. ನಾಲ್ಕು ವರ್ಷ ಇಳಿಸಿದ್ದೆ, ಅದರಿಂದ ಯಾರಿಗೆ ಏನಾಯಿತು?

ಆಮೇಲೆ ಅವನ ಸಿಟ್ಟು ಮೆಲ್ಲಗೆ ಬೇರೆ ಏನೋ ಆಯಿತು. ಕೂತ. "ಆತು. ಆಗಿದ್ದು ಆತು," ಅಂದ. "ಚೈತ್ರಾನ್ನ ತೋರಸೂಣು. ಊರಾಗ ಮತ್ತೊಬ್ಬ ಡಾಕ್ಟರ್ ಇಲ್ಲೇನು. ಇದು ಮನ್ಯಾಗ ಇರಲಿ, ಹೊರಗ ಹೋಗೂದು ಬ್ಯಾಡ."

"ಮತ್ತೊಬ್ಬರು ಬ್ಯಾಡ," ಅಂದಳು ಅಕ್ಕ. "ಅವರ ಕಡೇನ ಹೋಗಬೇಕು. ಖರೇ ಹೇಳಿದವರು ಅವರು. ನೀವು ಕರಕೊಂಡು ಹೋಗಬೇಕು, ಅಪ್ಪಾ. ಅಷ್ಟ ಮಂದಿ ಮುಂದ ಅಂದವರು ನೀವು. ಮಂದಿ ಇರೂ ಹೊತ್ತಿನ್ಯಾಗ ಹೋಗಿ ನಿಮ್ಮ ಮಾತು ಹಿಂದ ತಗೋಬೇಕು. ಬಸ್ಯಾ ಜೋಡಿ ಬರ್ತಾನ, ತಾ ಮಾಡಿದ್ದನ್ನ ತಾನ ಹೇಳ್ತಾನ."

ಎಷ್ಟೋ ವರ್ಷದ ಮೇಲೆ ಅವಳು ಆ ಪಡಸಾಲೆಯಲ್ಲಿ ಅಷ್ಟು ಉದ್ದದ ಮಾತು ಆಡಿದ್ದು. ನಡುವೆ ಯಾರೂ ಬಾಯಿ ಹಾಕಲಿಲ್ಲ. ಚೈತ್ರಾ ದುಪಟ್ಟಾ ಕೆನ್ನೆಯಿಂದ ತೆಗೆದು ಒಮ್ಮೆ ಅಪ್ಪನನ್ನು, ಒಮ್ಮೆ ಅಕ್ಕನನ್ನು ನೋಡುತ್ತಿದ್ದಳು.

ದೊಡ್ಡಪ್ಪ ತನ್ನ ಎರಡೂ ಅಂಗೈಯಿಂದ ಮುಖ ಒರೆಸಿಕೊಂಡ. "ಅಷ್ಟ ಬೈದು ಬಂದೇನಿ ನಾ," ಅಂದ. "ಈಗ ಆ ಡಾಕ್ಟರ ಮುಂದ ಯಾವ ಮುಖಾ ಇಟ್ಕೊಂಡು ಹೋಗ್ಲಿ?"

ಅಕ್ಕ ಎದ್ದು ಬಂದು ಅವನೆದುರಿಗೆ, ಕಿಟಕಿಯ ಬೆಳಕಿನಲ್ಲಿ ನಿಂತಳು.

"ನಾ ಈ ಮುಖಾ ಇಟ್ಕೊಂಡು ನಾಕ ವರ್ಷ ಊರ ತುಂಬ ಅಡ್ಡಾಡೇನ್ರಿ ಅಪ್ಪಾ. ನೀವು ನಿಮ್ಮ ಮುಖಾ ಇಟ್ಕೊಂಡು ದೇಶಪಾಂಡೆ ನಗರದ ತನಕಾ ಹೋಗಿ ಬರ್ರಿ."